ಕ್ಲೀಟ್ ಕೂರಿಸೋದು ಮನೆಯಲ್ಲೇ ಆಗುವ ಕೆಲಸ

ನಂದಿ ಬೆಟ್ಟ ಹತ್ತುವ ಸೈಕಲ್ಲಿನವರಲ್ಲಿ ಬಹಳ ಜನರ ಕಾಲಲ್ಲಿ ಈಗ ಕ್ಲೀಟ್ ಶೂ, ಅಂದರೆ ಪೆಡಲಿಗೆ ಕಚ್ಚಿಕೊಳ್ಳುವ ಸಣ್ಣ ತುಂಡನ್ನು (ಕ್ಲೀಟ್) ಅಡಿಗೆ ಬೋಲ್ಟಿನಿಂದ ಬಿಗಿದ ಶೂ. ಸಂತೋಷ. ಆದರೆ ಅಂಗಡಿಯವನು ಶೂ ಅಡಿಯ ಸ್ಲಾಟಿನ ನಟ್ಟನಡುವೆ ಬಿಗಿದುಕೊಟ್ಟ ಕ್ಲೀಟಲ್ಲೇ ಎಂಟು ಕಿಲೋಮೀಟರ್ ಏರು ತುಳಿದು, ಆಮೇಲೆ ಮಂಡಿ ಹಿಡ್ಕೊಂಡು ಕೂರೋದು ಯಾಕೆ? ಅವನು ನಿಮ್ಮ ಪಾದ ನೋಡಿರೋದಿಲ್ಲ. 4 ಎಂಎಂ ಅಲೆನ್ ಕೀ, ಚೂರು ಗ್ರೀಸ್, ಮಾರ್ಕರ್, ಮಾಸ್ಕಿಂಗ್ ಟೇಪ್ ಇದ್ದರೆ ಅರ್ಧ ಗಂಟೆಯ ಕೆಲಸ.

ಮೊದಲು ಒಂದು ಮಾತು. ಹೊಸಬರಿಗೆ ಸೈಕಲ್ ಬಿಡಿಭಾಗದ ಶಿಮಾನೋ ಕಂಪನಿಯ ಎರಡು ಬೋಲ್ಟಿನ ಎಸ್‌ಪಿಡಿ ಸಾಕು. ಉಕ್ಕಿನ ಕ್ಲೀಟ್ ಶೂವಿನ ಅಡಿಯೊಳಗೆ ಹುದುಗಿರುತ್ತೆ, ಬೆಟ್ಟದ ಮೇಲೆ ಓಡಾಡಬಹುದು. ಮೂರು ಬೋಲ್ಟಿನ ಪ್ಲಾಸ್ಟಿಕ್ಕಿನದು ಹಾಕಿ ಬಂಡೆ ಮೇಲೆ ನಡೆದರೆ ಸವೆದೇ ಹೋಗುತ್ತೆ. ಅದೇ ಬೇಕು ಅನ್ನೋರು ಶಿಮಾನೋದಲ್ಲಿ ಹಳದಿ ತಗೊಳ್ಳಿ, ಪಾದಕ್ಕೆ 6 ಡಿಗ್ರಿ ಆಡಲು ಜಾಗ ಇರುತ್ತೆ. ಕೆಂಪಿನಲ್ಲಿ ಸೊನ್ನೆ. ಕೆಂಪನ್ನು ಯಾಕೆ ಕೊಳ್ಳುತ್ತಾರೋ ನನಗಂತೂ ಅರ್ಥವಾಗಿಲ್ಲ.

ಈಗ ಅಳತೆ. ಶೂ ಹಾಕಿಕೊಂಡು ಹೆಬ್ಬೆರಳಿನ ಬುಡದಲ್ಲಿ ಉಬ್ಬಿದ ಮೂಳೆಯನ್ನು ಒಳಬದಿಯಿಂದ ಒತ್ತಿ ಹುಡುಕಿ, ಅಲ್ಲಿ ಟೇಪ್ ಅಂಟಿಸಿ ಗುರುತು ಹಾಕಿ. ಕಿರುಬೆರಳಿನ ಬುಡದ್ದನ್ನು ಹೊರಬದಿಯಿಂದ ಹಾಗೇ. ಇದು ಇನ್ನೊಂದಕ್ಕಿಂತ ಹಿಂದಿರುತ್ತೆ. ಎರಡೂ ಗುರುತುಗಳಿಂದ ಶೂವಿನ ಅಡಿಯ ಮೇಲೆ ಅಡ್ಡಗೆರೆ ಎಳೆದರೆ, ಪೆಡಲಿನ ಅಚ್ಚು (ಆಕ್ಸಲ್) ಅವೆರಡರ ನಡುವೆ ಬರಬೇಕು. ಅನುಮಾನವಿದ್ದರೆ ಹಿಂದಕ್ಕೇ ಇಡಿ. ತೀರಾ ಮುಂದಿದ್ದರೆ ಮೀನಖಂಡ ಬಿಗಿಯುತ್ತೆ, ಬೆರಳ ಬುಡ ಉರಿದು ಜೋಮು ಹಿಡಿಯುತ್ತೆ.

ಕೋನಕ್ಕೆ, ಎತ್ತರದ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತು ನೋಡಿ. ಬೆರಳ ತುದಿ ಹೊರಗೆ ತಿರುಗಿದ್ದರೆ ಕ್ಲೀಟಿನ ಮೂತಿಯನ್ನು ಹೆಬ್ಬೆರಳ ಕಡೆಗೆ ಅಷ್ಟೇ ತಿರುಗಿಸಿ. ಎರಡು ಕಾಲೂ ಒಂದೇ ಥರ ಇರಬೇಕಂತಿಲ್ಲ. ಅಡ್ಡಡ್ಡ ಸರಿಸೋದು ತಿರುಗುಮುರುಗು: ಕ್ಲೀಟನ್ನು ಒಳಗೆ ಸರಿಸಿದರೆ ಪಾದ ಕ್ರ್ಯಾಂಕಿನಿಂದ (ಪೆಡಲ್ ಕೂರುವ ತೋಳು) ದೂರ ಹೋಗುತ್ತೆ.

ಬೋಲ್ಟಿನ ಥ್ರೆಡ್ಡಿಗೆ ಗ್ರೀಸ್ ಹಚ್ಚಲೇಬೇಕು, ಬೆವರು ಮಳೆಗೆ ತುಕ್ಕು ಹಿಡಿದರೆ ಬಿಚ್ಚಕ್ಕಾಗಲ್ಲ. ಒಂದನ್ನೇ ಪೂರ್ತಿ ಬಿಗಿದರೆ ಕ್ಲೀಟ್ ತಿರುಗಿಬಿಡುತ್ತೆ, ಅದಕ್ಕೆ ಒಂದೊಂದನ್ನೂ ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಬಿಗಿತ ಅಳೆಯುವ ಟಾರ್ಕ್ ರೆಂಚ್ ಇದ್ದರೆ 5ರಿಂದ 6 ನ್ಯೂಟನ್ ಮೀಟರ್. ಆಮೇಲೆ ಕ್ಲೀಟಿನ ಸುತ್ತ ಮಾರ್ಕರಿನಲ್ಲಿ ಗೆರೆ ಎಳೆದಿಡಿ, ಜಾರಿದರೆ ಗೊತ್ತಾಗುತ್ತೆ. ಕ್ಲೀಟಿನ ಹಲ್ಲು ಅಡಿಯೊಳಗೆ ಇಳಿಯೋದರಿಂದ ಮೊದಲ ಸವಾರಿ ಆದಮೇಲೆ ಮತ್ತೆ ಬಿಗಿಯಬೇಕು. ಇದನ್ನು ಬಿಟ್ಟವರೇ ಬೀಳೋದು. ಬೋಲ್ಟ್ ಸಡಿಲವಾದರೆ, ಪೆಡಲಿನಿಂದ ಬಿಡಿಸಿಕೊಳ್ಳಲು ಹಿಮ್ಮಡಿ ಎಷ್ಟು ಹೊರಗೆ ತಿರುಗಿಸಿದರೂ ಶೂ ಮಾತ್ರ ತಿರುಗುತ್ತೆ, ಕ್ಲೀಟ್ ಪೆಡಲಲ್ಲೇ ಕಚ್ಚಿಕೊಂಡಿರುತ್ತೆ. ಹಿಮದ ಮೇಲೆ ಜಾರುವ ಸ್ಕೀ ಹಲಗೆಗೆ ಬೂಟು ಕಚ್ಚಿಸುವ ಬೈಂಡಿಂಗನ್ನು, ಬಿದ್ದ ರಭಸಕ್ಕೆ ತಾನೇ ಬಿಟ್ಟುಕೊಳ್ಳುವಂತೆ ಮಾಡಿರುತ್ತಾರೆ. ಇಲ್ಲಿ ಬಿಡಿಸಿಕೊಳ್ಳಬೇಕಾದ್ದು ನೀವೇ.

ನಮ್ಮ ಕೆಮ್ಮಣ್ಣು ಬೋಲ್ಟಿನ ತಲೆಯೊಳಗೆ ಒಣಗಿ ಕೂತಿರುತ್ತೆ. ಪಿನ್ನಿನಿಂದ ಕೆದಕಿ ತೆಗೆಯದೆ ಕೀ ಹಾಕಿದರೆ ತಲೆ ಸವೆದು ದುಂಡಗಾಗುತ್ತೆ. ಆಗ ನಕ್ಷತ್ರದ ತುದಿಯ ಟಿ25 ಟಾರ್ಕ್ಸ್ ಬಿಟ್ಟನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಿ ತಿರುಗಿಸಿ, ಸಾಮಾನ್ಯವಾಗಿ ಬರುತ್ತೆ.

ಪೆಡಲ್ ಬದಲಿಸುವಾಗ ಎಡಗಡೆಯದ್ದು ಉಲ್ಟಾ ಥ್ರೆಡ್. ಸ್ಪ್ಯಾನರನ್ನು ಮೇಲಕ್ಕೆ ನಿಲ್ಲಿಸಿ ಮುಂಚಕ್ರದ ಕಡೆ ತಳ್ಳಿದರೆ ಎರಡೂ ಬಿಗಿಯಾಗುತ್ತವೆ. ಎಸ್‌ಪಿಡಿ ಪೆಡಲಿಗೆ ಎರಡು ಮುಖ, ಹಾಗಾಗಿ ಜೋಡಿಯಲ್ಲಿ ಕ್ಲೀಟನ್ನು ಹಿಡಿದಿಡುವ ನಾಲ್ಕು ಸ್ಪ್ರಿಂಗ್. ನಾಲ್ಕನ್ನೂ ತೀರಾ ಸಡಿಲಕ್ಕೆ ಇಟ್ಟು ಶುರು ಮಾಡಿ, ಗೋಡೆ ಹಿಡಿದು ಹಾಕಿ ಬಿಡಿಸಿ ಅಭ್ಯಾಸವಾಗಲಿ. ಭಾನುವಾರ ನಂದಿ ತಿರುವಿನಲ್ಲಿ ಕಾರು ಅಡ್ಡ ನಿಂತಾಗ ಎಡಗಾಲೇ ಮೊದಲು ಬಿಡಿಸಿ, ರಸ್ತೆಯ ಅಂಚಿಗೆ ವಾಲಿ.

ಅಷ್ಟಾದರೂ ಮಂಡಿಯ ಹೊರಬದಿ ನೋಯ್ತಿದ್ದರೆ ಬೆರಳ ತುದಿ ಒಳಗೆ ತಿರುಗಿರಬಹುದು, ಒಳಬದಿ ನೋಯ್ತಿದ್ದರೆ ಹೊರಗೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಒಂದೆರಡು ಮಿಲಿಮೀಟರ್. ಕ್ಲೀಟ್ ಹಿಂದಕ್ಕೆ ಸರಿಸಿದರೆ ಸೀಟನ್ನೂ ಒಂಚೂರು ಇಳಿಸಬೇಕಾಗಬಹುದು.