ಕೋಡ್ ಬಂತೇ ಸರ್?

ಮಧ್ಯ ಏಷ್ಯಾದ ಪಾಮಿರ್ ಹೆದ್ದಾರಿಯಲ್ಲಿ 4,655 ಮೀಟರ್ ಎತ್ತರದ ಅಕ್‌ಬೈತಾಲ್ ಕಣಿವೆ ಮಾರ್ಗವನ್ನು ಬೈಕಿನಲ್ಲಿ ದಾಟಬಹುದು. ತುಮಕೂರಿನ ಮನೆಗೆ ಬಂದ ಗ್ಯಾಸ್ ಸಿಲಿಂಡರನ್ನು ಒಳಗಿಡಿಸಿಕೊಳ್ಳುವುದು ಮಾತ್ರ ಸಾಧ್ಯವಿಲ್ಲ! ಸಿಲಿಂಡರ್ ತಂದ ಹುಡುಗನಿಗೆ ಹೇಳಬೇಕಾದ ಕೋಡ್ ಬರುವುದು ನನ್ನ ಮೊಬೈಲ್ ಸಂಖ್ಯೆಗೆ. ನಾನಿದ್ದದ್ದು ತಜಕಿಸ್ತಾನದಲ್ಲಿ. ಗೇಟಿನ ಬಳಿ ಅಮ್ಮ ಎಷ್ಟು ಬೇಡಿಕೊಂಡರೂ ಹುಡುಗ ಸಿಲಿಂಡರನ್ನು ಮತ್ತೆ ಗಾಡಿಗೇರಿಸಿ ಕ್ಯಾತಸಂದ್ರದ ಕಡೆಗೆ ಹೊರಟುಹೋದ. ಕೋಡ್ ಮಹಾಶಯರು ದಯಮಾಡಿಸಿದ್ದು ನಾನು ಕಿರ್ಗಿಸ್ತಾನದ ಓಶ್ ತಲುಪಿದ ಮೇಲೆ.

ಗಡಿಗೊಂದು ಸಿಮ್, ಸಿಮ್‌ಗೊಂದು ಪಾಸ್‌ಪೋರ್ಟ್ ಪ್ರತಿ, ರಷ್ಯನ್ ಭಾಷೆಯಲ್ಲಿ ಬರುವ ಸಂದೇಶಗಳು. ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಆ ಗುಂಡುಸೂಜಿ ಹಿಡಿದು ಸಿಮ್ ಬದಲಿಸುವ ಯೋಗ ಶತ್ರುವಿಗೂ ಬೇಡ. ಊರಿನ ಸಿಮ್‌ಗೆ ರೋಮಿಂಗ್ ಹಾಕಿಸೋಣವೆಂದರೆ ಒಟಿಪಿ ಬೇಕು. ಒಟಿಪಿ ಎಲ್ಲಿಗೆ ಬರುತ್ತದೆ? ರೋಮಿಂಗ್ ಇಲ್ಲದ ಅದೇ ಸಿಮ್‌ಗೆ! ಇದನ್ನು ರೂಪಿಸಿದ ಪುಣ್ಯಾತ್ಮ ಎಂದಾದರೂ ಊರ ಗಡಿ ದಾಟಿದ್ದಾನೆಯೇ?

ಆದರೆ ಹೇಗೋ ರೋಮಿಂಗ್ ಸಿಕ್ಕಿದರೆ ಸಾಕು, ವೈಯಕ್ತಿಕ ಸಾಲ ಕೊಡುವವರಿಗೆ ಯಾವ ಪರ್ವತವೂ ಅಡ್ಡಬರುವುದಿಲ್ಲ. ಡೇರೆಯೊಳಗೆ ನಿದ್ದೆ ಹತ್ತುವಷ್ಟರಲ್ಲಿ ಅವರ ಕರೆ ಸ್ಫಟಿಕದಷ್ಟು ಸ್ಪಷ್ಟ. ರೋಮಿಂಗ್ ಶುಲ್ಕ ನನ್ನದು.

ಒಂದು ದಿನ ವಾಟ್ಸ್‌ಆ್ಯಪ್‌ನಲ್ಲಿ ಕಾಣಿಸಿಕೊಳ್ಳದಿದ್ದರೆ ಅಮ್ಮ ಗೊರವನಹಳ್ಳಿ ಮಹಾಲಕ್ಷ್ಮಿಗೆ ಹರಕೆ ಹೊರುತ್ತಾಳೆ. ಚಿಕ್ಕಪ್ಪನಿಗೆ ಹರಕೆ ಸಾಲದು, ವಿಡಿಯೊ ಕರೆಯೇ ಬೇಕು. ನೆಟ್‌ವರ್ಕ್ ಇಲ್ಲವೆಂದರೆ ನಂಬುವುದೂ ಇಲ್ಲ: "ಮಧುಗಿರಿ ಬೆಟ್ಟದ ಮೇಲೇ ಸಿಗ್ನಲ್ ಸಿಗುತ್ತದೆ, ನಿನಗೇನಪ್ಪಾ ಫಾರಿನ್ನಿನಲ್ಲಿ?"