ಉಪ್ಪಿನಲ್ಲಿ ಕ್ಲೋರಿನ್ ಇದೆ, ಹಾಗಂತ ವಿಷವಾ?

ಸಾಗರದ ಕಡೆ ಅಪ್ಪೆಮಿಡಿಗೆ ಉಪ್ಪು ಹಾಕುವ ಹೊತ್ತಿಗೆ ಸರಿಯಾಗಿ ಈ ಮೆಸೇಜು ಮತ್ತೆ ಓಡಾಡುತ್ತಿದೆ: "ಅಡುಗೆ ಉಪ್ಪು ಎಂದರೆ ಸೋಡಿಯಂ ಮತ್ತು ಕ್ಲೋರಿನ್. ಒಂದು ನೀರಿಗೆ ಬಿದ್ದರೆ ಸಿಡಿಯುತ್ತದೆ, ಇನ್ನೊಂದು ವಿಷಗಾಳಿ. ಇವತ್ತೇ ಬಿಡಿ, ಸೈಂಧವ ಲವಣ ತಿನ್ನಿ."

ಸೋಡಿಯಂ ಲೋಹ ಸಿಡಿಯುವುದು ನಿಜ. ಕ್ಲೋರಿನ್ ಅನಿಲವನ್ನು 1915ರಲ್ಲಿ ಯುದ್ಧದಲ್ಲೇ ಬಳಸಿದ್ದರು. ಆದರೆ ನಿಮ್ಮ ಭರಣಿಯಲ್ಲಿರುವುದು ಇವೆರಡೂ ಅಲ್ಲ.

ಸೋಡಿಯಂ ಪರಮಾಣುವಿನಲ್ಲಿ 11 ಎಲೆಕ್ಟ್ರಾನುಗಳು. ಹೊರಸುತ್ತಿನಲ್ಲಿ ಒಂದೇ ಒಂದು. ಕ್ಲೋರಿನ್‌ನಲ್ಲಿ 17, ಹೊರಸುತ್ತಿನಲ್ಲಿ 7. ಎಂಟಾದರೆ ಆ ಸುತ್ತು ಭರ್ತಿ, ಅದಕ್ಕೆ ಒಂದು ಕಡಿಮೆ. ಆ ಒಂದು ಎಲೆಕ್ಟ್ರಾನ್ ಇತ್ತಿಂದ ಅತ್ತ ಹೋಗುತ್ತದೆ. ಕೊಟ್ಟದ್ದು ಪ್ಲಸ್, ಪಡೆದದ್ದು ಮೈನಸ್. ಇವೇ ಅಯಾನುಗಳು. ಪ್ಲಸ್ಸು ಮೈನಸ್ಸನ್ನು ಎಳೆದು ಹಿಡಿಯುತ್ತದೆ, ಒಂದೊಂದರ ಸುತ್ತ ವಿರುದ್ಧದ ಆರು ನಿಲ್ಲುತ್ತವೆ. ಹೀಗೆ ಸಾಲುಸಾಲಾಗಿ ಕೂತೇ ಹರಳಾಗುವುದು. ಒಂದು ಹರಳುಪ್ಪನ್ನು ಬೆಳಕಿಗೆ ಹಿಡಿದು ನೋಡಿ, ಚೌಕದ ಅಂಚು ಸಿಕ್ಕರೂ ಸಿಗಬಹುದು. ನನಗಂತೂ ಈ ಅಂಚು ಕಂಡಾಗೆಲ್ಲ ಖುಷಿ.

ನೀರಿಗೆ ಹಾಕಿದರೆ? ಅಯಾನುಗಳು ಬಿಡಿಬಿಡಿಯಾಗುತ್ತವೆ, ಆದರೆ ಹೋದ ಎಲೆಕ್ಟ್ರಾನ್ ವಾಪಸ್ ಬರುವುದಿಲ್ಲ. ಹಾಗಾಗಿ ಸಾರಿನ ಪಾತ್ರೆ ಸಿಡಿಯುವುದಿಲ್ಲ, ಅಲ್ವಾ? ಉಪ್ಪಿನಿಂದ ಸೋಡಿಯಂ ಲೋಹ ಬೇಕೆಂದರೆ ಅದನ್ನು ಸುಮಾರು 800 ಡಿಗ್ರಿಯಲ್ಲಿ ಕರಗಿಸಿ ಕರೆಂಟು ಹಾಯಿಸಬೇಕು. ಅದು ಒಲೆಯ ಮೇಲೆ ಆಗುವ ಕೆಲಸವಲ್ಲ.

ಅಂದಹಾಗೆ, ಸೈಂಧವ ಲವಣವೂ ಬಹುಪಾಲು ಇದೇ ಸೋಡಿಯಂ ಕ್ಲೋರೈಡ್. ಬಣ್ಣ ಬೇರೆ, ರೇಟು ಜಾಸ್ತಿ. ಹೆದರುವುದಾದರೆ ಅಳತೆಗೆ ಹೆದರಿ: ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಿಡಿ ಉಪ್ಪಿನಕಾಯಿ ಎದುರಿಗಿದ್ದಾಗ ಅದು ಕಷ್ಟವೇ.