ಫೈಲ್ ಹ್ಯಾಶ್ ನೋಡಿ ಪಾಸ್ ಕೊಡುವ ಟೆಸ್ಟುಗಳ ಬಗ್ಗೆ ಒಂದು ತಕರಾರು

ಆಡಿಯೋ, ವಿಡಿಯೋ ಸಾಫ್ಟ್‌ವೇರಿಗೆ ಬರೆಯುವ ಟೆಸ್ಟುಗಳಲ್ಲಿ ಪದೇಪದೇ ಕಾಣುವ ಚಾಳಿಯೊಂದಿದೆ. ಒಂದು ಫೈಲನ್ನು ಪರಿವರ್ತಿಸುವುದು, ಹೊರಬಂದ ಎಂಪಿ4ರ ಎಂಡಿ5 ಹ್ಯಾಶ್ (ಫೈಲಿನ ಬೈಟುಗಳಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಸಂಖ್ಯೆ) ತೆಗೆಯುವುದು, ಹಳೆಯದರ ಜೊತೆ ತಾಳೆ ನೋಡುವುದು. ಬರೆಯಲು ಹತ್ತು ನಿಮಿಷ ಸಾಕು, ಆಮೇಲೆ ವರ್ಷಗಟ್ಟಲೆ ಕಾಟ. ಮಕ್ಸರ್ (ಆಡಿಯೋ, ವಿಡಿಯೋ ಸ್ಟ್ರೀಮುಗಳನ್ನು ಒಂದೇ ಫೈಲಿಗೆ ಸೇರಿಸುವ ಭಾಗ) ತನ್ನ ಆವೃತ್ತಿಯನ್ನು ಹೆಡರ್‌ನಲ್ಲಿ ಬರೆದಿಡುತ್ತದೆ, ಕೆಲವು ಮಕ್ಸರ್‌ಗಳು ಫೈಲ್ ತಯಾರಾದ ಹೊತ್ತನ್ನೂ ಸೇರಿಸುತ್ತವೆ. ಲೈಬ್ರರಿ ಅಪ್‌ಡೇಟ್ ಆದ ದಿನ ಒಂದು ಪಿಕ್ಸೆಲ್ಲೂ ಬದಲಾಗದೆ ಎಲ್ಲ ಟೆಸ್ಟೂ ಕೆಂಪು. ನಾಲ್ಕು ಸಲ ಹೀಗಾದರೆ ಐದನೇ ಸಲ ಯಾರೂ ತೆರೆದು ನೋಡುವುದಿಲ್ಲ, ಹ್ಯಾಶ್ ಬದಲಿಸಿ ಮುಂದೆ ಹೋಗುತ್ತಾರೆ. ನಿಜವಾದ ದೋಷ ನುಸುಳುವುದು ಆ ಐದನೇ ಸಲವೇ.

ಆಡಿಯೋ, ವಿಡಿಯೋ ಪರಿವರ್ತಿಸುವ ಮುಕ್ತ ಸಾಫ್ಟ್‌ವೇರ್ ಎಫ್‌ಎಫ್‌ಎಂಪೆಗ್‌ನ ‘ಫೇಟ್’ ಟೆಸ್ಟುಗಳು ಇದಕ್ಕೆ ಬೇರೆ ದಾರಿ ಹಿಡಿದಿವೆ. ಡಿಕೋಡ್ ಆದ ಪ್ರತಿ ಫ್ರೇಮಿಗೂ ಒಂದು ಸಾಲು: ಸ್ಟ್ರೀಮ್ ಸಂಖ್ಯೆ, ಡಿಟಿಎಸ್ (ಡಿಕೋಡ್ ಮಾಡಬೇಕಾದ ಹೊತ್ತು), ಪಿಟಿಎಸ್ (ತೋರಿಸಬೇಕಾದ ಹೊತ್ತು), ಅವಧಿ, ಗಾತ್ರ, ಚೆಕ್‌ಸಮ್. ಇದು ಬರೀ ಪಠ್ಯ, ಹಾಗಾಗಿ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ (ಡಿಫ್) ನೋಡಿದರೆ ಅರ್ಧ ತನಿಖೆ ಮುಗಿದಂತೆ. ಚೆಕ್‌ಸಮ್ ಎಲ್ಲ ಸರಿಯಿದ್ದು ಪಿಟಿಎಸ್ ಮಾತ್ರ ಸರಿದಿದ್ದರೆ ಡಿಕೋಡರನ್ನು ಬಿಡಿ, ಫೈಲಿನಿಂದ ಸ್ಟ್ರೀಮುಗಳನ್ನು ಬಿಡಿಸುವ ಡಿಮಕ್ಸರ್ ನೋಡಿ. ನಡುವೆ ಒಂದು ಫ್ರೇಮ್ ಕೆಟ್ಟು ಮುಂದಿನ ಕೀ ಫ್ರೇಮ್‌ವರೆಗೂ (ಬೇರೆ ಫ್ರೇಮನ್ನು ಅವಲಂಬಿಸದ ಫ್ರೇಮ್) ಎಲ್ಲ ಕೆಟ್ಟಿದ್ದರೆ ಉಳಿದವು ಆಧರಿಸುವ ರೆಫರೆನ್ಸ್ ಫ್ರೇಮ್ ಹಾಳಾಗಿದೆ. ಕೊನೆಯ ಒಂದೆರಡು ಸಾಲೇ ಇಲ್ಲವೆಂದರೆ, ಫೈಲ್ ಮುಗಿದ ಮೇಲೆ ಡಿಕೋಡರ್‌ನೊಳಗೆ ಉಳಿದ ಫ್ರೇಮುಗಳನ್ನು ಯಾರೂ ಹೊರತೆಗೆದಿಲ್ಲ. ಬಿ-ಫ್ರೇಮ್ (ಹಿಂದಿನ, ಮುಂದಿನ ಎರಡೂ ಫ್ರೇಮುಗಳನ್ನು ಆಧರಿಸಬಲ್ಲ ಫ್ರೇಮ್) ಇರುವ ಸ್ಟ್ರೀಮುಗಳಲ್ಲಿ ಇದು ಮಾಮೂಲು ತಪ್ಪು.

ಚೆಕ್‌ಸಮ್ ಲೆಕ್ಕ ಹಾಕುವಾಗ ಒಂದು ಹೊಂಡ ಇದೆ. ಮೆಮೊರಿಯಲ್ಲಿ ಪ್ರತಿ ಸಾಲಿನ ಉದ್ದ ಚಿತ್ರದ ಅಗಲಕ್ಕಿಂತ ಹೆಚ್ಚಿರಬಹುದು. ಬಫರನ್ನು ಇಡಿಯಾಗಿ ಹ್ಯಾಶ್ ಮಾಡಿದರೆ ಸಾಲಿನ ಕೊನೆಯ ಖಾಲಿ ಬೈಟುಗಳ ಕಸವೂ ಸೇರಿಕೊಂಡು, ಟೆಸ್ಟ್ ಒಮ್ಮೆ ಪಾಸ್ ಒಮ್ಮೆ ಫೇಲ್ ಆಗುತ್ತಿರುತ್ತದೆ. ಪ್ರತಿ ಸಾಲಿನಿಂದ ಅಗಲದಷ್ಟೇ ತೆಗೆದುಕೊಳ್ಳಿ. ಎಚ್.264 ವಿಡಿಯೋ ಸ್ಟ್ಯಾಂಡರ್ಡಿನಲ್ಲಿ 16ರ ಬ್ಲಾಕುಗಳಿಗೆ ಹೊಂದಿಸಲು 1080 ಸಾಲಿನ ಚಿತ್ರ ಸಾಮಾನ್ಯವಾಗಿ 1088 ಸಾಲಾಗಿ ಕೋಡ್ ಆಗಿರುತ್ತದೆ. ಆ 8 ಸಾಲು ಕತ್ತರಿಸುವುದನ್ನು ಮರೆತರೂ ಇದೇ ಕಥೆ.

ಇನ್ನು ಎಲ್ಲಿ ‘ಬಿಟ್ಟಿಗೆ ಬಿಟ್ ಒಂದೇ’ ಎಂದು ಪಟ್ಟು ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು? ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇದೇ, ಉತ್ತರವನ್ನು ಸ್ಟ್ಯಾಂಡರ್ಡ್‌ಗಳೇ ಕೊಟ್ಟಿವೆ. ಎಚ್.264, ಎಚ್‌ಇವಿಸಿ, ಎವಿ1 ಡಿಕೋಡಿಂಗ್ ಪೂರ್ಣಾಂಕಗಳಲ್ಲಿ ಕರಾರುವಾಕ್ಕಾಗಿ ನಿಗದಿಯಾಗಿದೆ. ಅಲ್ಲಿ ಒಂದು ಬಿಟ್ ವ್ಯತ್ಯಾಸ ಬಂದರೂ ಅದು ದೋಷವೇ, ‘ಕಣ್ಣಿಗೆ ಕಾಣಲ್ಲ ಬಿಡಿ’ ಅನ್ನುವ ಮಾತು ನಡೆಯುವುದಿಲ್ಲ, ಏಕೆಂದರೆ ಆ ತಪ್ಪು ಮುಂದಿನ ಫ್ರೇಮುಗಳಿಗೆ ಬೆಳೆಯುತ್ತಾ ಹೋಗುತ್ತದೆ. ಎಂಪೆಗ್-2ರ ಐಡಿಸಿಟಿಗೆ (ಕೋಡ್ ಆದ ಸಂಖ್ಯೆಗಳನ್ನು ಮತ್ತೆ ಪಿಕ್ಸೆಲ್ಲುಗಳಾಗಿಸುವ ಲೆಕ್ಕ) ಹಾಗಿಲ್ಲ. ಅದರ ನಿಖರತೆ ಅಳೆಯಲು ಬಂದ ಐಇಇಇ 1180 ಸ್ಟ್ಯಾಂಡರ್ಡಿನ ಪ್ರಕಾರ 10,000 ಬ್ಲಾಕುಗಳ ಪರೀಕ್ಷೆಯಲ್ಲಿ ಯಾವ ಪಿಕ್ಸೆಲ್ಲೂ 1ಕ್ಕಿಂತ ಹೆಚ್ಚು ತಪ್ಪಬಾರದು, ಒಟ್ಟು ಸರಾಸರಿ ವರ್ಗ ದೋಷ 0.02 ಮೀರಬಾರದು. ಎಂಪಿ3 ಡಿಕೋಡರಿಗೂ ಹೀಗೆಯೇ ಮಿತಿ ಇದೆ: ಧ್ವನಿಯ ಮಾದರಿಗಳು -1ರಿಂದ 1ರ ನಡುವೆ ಇದ್ದರೆ ಗರಿಷ್ಠ ವ್ಯತ್ಯಾಸ 1/16384. ಫ್ಲೋಟಿಂಗ್ ಪಾಯಿಂಟ್ ಲೆಕ್ಕ ಕಂಪೈಲರ್ ಬದಲಾದರೂ ಕೊನೆಯ ಬಿಟ್ಟುಗಳಲ್ಲಿ ಅಲುಗಾಡುತ್ತದೆ, ಅಲ್ಲಿ ಹ್ಯಾಶ್ ಹಾಕುವುದು ಸುಮ್ಮನೆ ತಲೆನೋವು.

ಎನ್‌ಕೋಡರಿಗೆ ಪಿಎಸ್‌ಎನ್‌ಆರ್ (ಚಿತ್ರ ಮೂಲಕ್ಕೆ ಎಷ್ಟು ಹತ್ತಿರ ಎಂದು ಡಿಬಿಯಲ್ಲಿ ಹೇಳುವ ಅಳತೆ) ಮಿತಿ ಇಡುವವರು ಸರಾಸರಿಯನ್ನು ನಂಬಬೇಡಿ. 300 ಫ್ರೇಮುಗಳಲ್ಲಿ 299 ಫ್ರೇಮು 42 ಡಿಬಿ, ಒಂದು ಫ್ರೇಮು 18 ಡಿಬಿ ಅಂದುಕೊಳ್ಳಿ. ಡಿಬಿಗಳ ಸರಾಸರಿ 41.92. ಟೆಸ್ಟ್ ಪಾಸ್, ಪರದೆಯ ಮೇಲೆ ಮಾತ್ರ ಹಸಿರು ಚೌಕಗಳ ಜಾತ್ರೆ. ಅತಿ ಕಡಿಮೆ ಬಂದ ಫ್ರೇಮಿಗೂ ಪ್ರತ್ಯೇಕ ಮಿತಿ ಬೇಕು. ಥ್ರೆಡ್ ಸಂಖ್ಯೆಯನ್ನೂ ಕಟ್ಟಿಹಾಕಿ. ಅದು ಬದಲಾದರೆ ಎನ್‌ಕೋಡರಿನ ಔಟ್‌ಪುಟ್ ಬದಲಾಗಬಹುದು, ಅದು ತಪ್ಪಲ್ಲ. ಡಿಕೋಡರಿನಲ್ಲಿ ಬದಲಾದರೆ ಅದು ರೇಸ್ ಕಂಡಿಷನ್, ಅಂದರೆ ಥ್ರೆಡ್ಡುಗಳು ಓಡುವ ಕ್ರಮದ ಮೇಲೆ ಉತ್ತರ ಬದಲಾಗುವ ದೋಷ. ಅದಕ್ಕೇ ಡಿಕೋಡರ್ ಟೆಸ್ಟುಗಳನ್ನು ಒಂದು ಥ್ರೆಡ್ಡಿನಲ್ಲೂ ಎಂಟು ಥ್ರೆಡ್ಡಿನಲ್ಲೂ ಓಡಿಸಿ ಒಂದೇ ರೆಫರೆನ್ಸ್ ಜೊತೆ ಹೋಲಿಸಬೇಕು.

ಅಸೆಂಬ್ಲಿ ಕೋಡಿಗೆ ಫೈಲ್ ಟೆಸ್ಟ್ ಸಾಲದು. ಯಾದೃಚ್ಛಿಕ ಡೇಟಾ ಕೊಟ್ಟು ಅದೇ ಕೆಲಸ ಮಾಡುವ ಸಿ ಭಾಷೆಯ ಫಂಕ್ಷನ್ನಿನ ಉತ್ತರದ ಜೊತೆ ನೇರವಾಗಿ ಹೋಲಿಸಿ, ಬಫರಿನ ಆಚೆ ಬರೆದಿದೆಯೇ ಎಂದೂ ನೋಡಿ. ಎಫ್‌ಎಫ್‌ಎಂಪೆಗ್‌ನ ‘ಚೆಕ್‌ಏಎಸ್‌ಎಂ’ ಮಾಡುವುದು ಇದನ್ನೇ.

ಕಾಲದ ಲೆಕ್ಕಕ್ಕೆ ಪ್ರತ್ಯೇಕ ಟೆಸ್ಟುಗಳಿರಲಿ. ಟಿವಿ ಪ್ರಸಾರದಲ್ಲಿ ಬಳಸುವ ಎಂಪೆಗ್-ಟಿಎಸ್‌ನ ಟೈಮ್‌ಸ್ಟ್ಯಾಂಪ್ 33 ಬಿಟ್, ಗಡಿಯಾರ 90,000 ಹರ್ಟ್ಜ್. ಸುಮಾರು 26 ಗಂಟೆ 30 ನಿಮಿಷಕ್ಕೆ ಸೊನ್ನೆಗೆ ಮರಳುತ್ತದೆ. ಅದನ್ನು ಪರೀಕ್ಷಿಸಲು 27 ಗಂಟೆ ಕಾಯಬೇಕಿಲ್ಲ, ಆ ಅಂಚಿಗೆ ಎರಡು ಸೆಕೆಂಡ್ ಮೊದಲು ಶುರುವಾಗುವ ಸ್ಯಾಂಪಲ್ ಸಾಕು. ಸೆಕೆಂಡಿಗೆ 30000/1001 ಫ್ರೇಮು ಎಂಬ ವೇಗವನ್ನು 29.97 ಎಂದು ದಶಾಂಶದಲ್ಲಿ ಇಟ್ಟುಕೊಂಡರೆ ಗಂಟೆಗೆ 3.6 ಮಿಲಿಸೆಕೆಂಡ್ ಜಾರುತ್ತದೆ; ಹತ್ತು ಸೆಕೆಂಡಿನ ಕ್ಲಿಪ್ಪಿನಲ್ಲಿ ಅದು ಎಂದೂ ಸಿಕ್ಕಿಬೀಳುವುದಿಲ್ಲ. ಪ್ಲೇಯರ್ ಟೆಸ್ಟುಗಳಲ್ಲಿ ‘ಸ್ಲೀಪ್’ ಕಂಡರೆ ಕಿತ್ತುಹಾಕಿ, ಕೈಯಾರೆ ಮುಂದಕ್ಕೆ ತಳ್ಳಬಹುದಾದ ಸುಳ್ಳು ಗಡಿಯಾರ ಕೊಡಿ. ಜಿಸ್ಟ್ರೀಮರ್ ಎಂಬ ಮಲ್ಟಿಮೀಡಿಯಾ ಫ್ರೇಮ್‌ವರ್ಕ್‌ನಲ್ಲಿ ಅದು ಸಿದ್ಧವಾಗಿಯೇ ಇದೆ.

ಸ್ಯಾಂಪಲ್ ಫೈಲುಗಳು ಚಿಕ್ಕವಿರಲಿ, ದೋಷ ತೋರಿಸುವಷ್ಟು ಫ್ರೇಮುಗಳನ್ನು ಮಾತ್ರ ಮರು-ಎನ್‌ಕೋಡ್ ಮಾಡದೆ ಕತ್ತರಿಸಿ. ಮರು-ಎನ್‌ಕೋಡ್ ಮಾಡಿದರೆ ದೋಷವೇ ತೊಳೆದುಹೋಗುತ್ತದೆ. ಕೋಡ್ ರೆಪೊಸಿಟರಿಯ ಹೊರಗೆ ಇಟ್ಟು ಫೈಲ್ ನಕಲಿಸುವ ಸಾಧನ ಆರ್‌ಸಿಂಕ್‌ನಲ್ಲಿ ಇಳಿಸಿಕೊಳ್ಳಿ. ಒಮ್ಮೆ ಸೇರಿಸಿದ ಫೈಲನ್ನು ಅದೇ ಹೆಸರಿನಲ್ಲಿ ಬದಲಿಸಬೇಡಿ, ಹಳೆಯ ಬ್ರ್ಯಾಂಚುಗಳೆಲ್ಲ ಮುರಿಯುತ್ತವೆ. ಬೇಕೆಂದೇ ಕೆಡಿಸಿದ ಫೈಲುಗಳೂ ಇರಬೇಕು. ಅವಕ್ಕೆ ಸಮಯ ಮತ್ತು ಮೆಮೊರಿ ಮಿತಿ ಹಾಕಿ, ಮೆಮೊರಿ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಜೊತೆ ರಾತ್ರಿ ಓಡಿಸಿ.

ಕಡೆಗೆ ರೆಫರೆನ್ಸ್ ಬದಲಿಸುವ ವಿಷಯ. ಫೇಟ್‌ನಲ್ಲಿ ‘ಜೆನ್=1’ ಎಂದು ಸೇರಿಸಿದರೆ ಹೊಸ ರೆಫರೆನ್ಸ್ ತಾನೇ ಬರೆದುಕೊಳ್ಳುತ್ತದೆ, ಅಷ್ಟು ಸುಲಭ. ಅದಕ್ಕೇ ಅದನ್ನು ಕೋಡ್ ಬದಲಾವಣೆಯ ಅದೇ ಕಮಿಟ್ಟಿನಲ್ಲಿ ಇಡಿ, ಯಾವ ಫ್ರೇಮುಗಳು ಏಕೆ ಬದಲಾದವು ಎಂದು ಸಂದೇಶದಲ್ಲಿ ಬರೆಯಿರಿ. ‘ರಿಫ್ಯಾಕ್ಟರ್’ ಎಂಬ ಹೆಸರಿನ ಕಮಿಟ್ಟಿನಲ್ಲಿ ರೆಫರೆನ್ಸ್ ಫೈಲ್ ಕೂಡ ಬದಲಾಗಿದ್ದರೆ ರಿವ್ಯೂ ಅಲ್ಲೇ ನಿಲ್ಲಿಸಿ, ಆ ಸಾಲುಗಳ ಫ್ರೇಮುಗಳನ್ನು ಚಿತ್ರವಾಗಿ ತೆಗೆದು ಹಳೆಯದು ಹೊಸದು ಪಕ್ಕಪಕ್ಕ ಇಟ್ಟು ನೋಡಿ.